ಹೆಡ್‌ಮಿಸ್ಟ್ರೆಸ್ಸರ ಮುಂದೆ ಅವ್ವನ ಮುಡಿ

ಹತ್ತು ವರ್ಷ ತುಂಬುವವರೆಗೂ ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದಿಂದ ಬಹಳ ಒಳಗಿದ್ದ ಎಸ್ಟೇಟೊಂದರಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್. ಶಾಲೆಗೆ ಹೋಗಬೇಕಾದರೆ ಹಳ್ಳದಂಥ ತೋಡು ದಾಟಬೇಕು. ಮಳೆಗಾಲದಲ್ಲಿ ಅದು ದನವನ್ನೂ ಬಿಡುತ್ತಿರಲಿಲ್ಲ, ಇನ್ನು ನನ್ನಂಥ ಕಡ್ಡಿಯನ್ನು ಬಿಟ್ಟೀತೇ! ಹಾಗಾಗಿ ಅವ್ವನೇ ನನ್ನ ಮೇಷ್ಟ್ರಾದಳು.

ಪಾಠಕ್ಕೆಂದು ಕೂರಲು ಅವಳಿಗೆ ಪುರುಸೊತ್ತೆಲ್ಲಿತ್ತು? ಪಿಕ್ಕಿಂಗ್ ಸಮಯದಲ್ಲಿ ಕಣದಲ್ಲಿ ಕಾಫಿ ಹೆಕ್ಕುತ್ತಾ ಮಗ್ಗಿ ಹೇಳಿದೆ. ತಮ್ಮ ಹುಟ್ಟಿದಾಗ ತೊಟ್ಟಿಲು ತೂಗುತ್ತಾ ಓದಿದೆ. ಅಪ್ಪ ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ, ಆ ಕಾಲಿಗೆ ಎಣ್ಣೆ ತಿಕ್ಕುತ್ತಾ ಭೂಗೋಳ ಕಲಿತೆ. ಅಪ್ಪ ನರಳುತ್ತಿದ್ದರು, ನಾನು ನದಿಗಳ ಹೆಸರು ಹೇಳುತ್ತಿದ್ದೆ. "ಈ ಕಷ್ಟಲಿ ಪಾಠ ಎಂಥಕೆ?" ಎಂದು ಕೇಳಿದವರಿಗೆ ಅವ್ವ, "ಅನ್ನ ಬೇಯ್ಸುದು ನಿಂತುಟ್ಟಾ? ಹಂಗಾರೆ ಪಾಠ ಎಂಥಕೆ ನಿಲ್ಲೊಕು?" ಎನ್ನುತ್ತಿದ್ದಳು. ನಾನು ಸ್ವಲ್ಪ ಸುಮ್ಮನಾದರೆ ಸಾಕು, "ಓದ್ ಕೂಸೇ, ಕೈ ನಿಲ್ಸ್‌ಬೇಡ" ಎಂದು ತಲೆಗೆ ಮೊಟಕುತ್ತಿದ್ದಳು.

ಕೊನೆಗೆ ಮಡಿಕೇರಿಯಲ್ಲಿದ್ದ ಅತ್ತೆ, ತನ್ನ ಮನೆಯಲ್ಲಿದ್ದು ಶಾಲೆಗೆ ಹೋಗಲಿ ಎಂದರು. ಅಪ್ಪನದು ಒಂದೇ ಮಾತು: ಐದನೇ ಕ್ಲಾಸಿಗೆ ಸೇರಿಸಿಕೊಂಡರೆ ಸರಿ, ಚಿಳ್ಳೆಪಿಳ್ಳೆಗಳ ಜೊತೆ ಒಂದನೇ ಕ್ಲಾಸಿನಲ್ಲಿ ಕೂರಿಸಿದರೆ ವಾಪಸು ಮನೆಗೆ, ಓದು ಅಲ್ಲಿಗೆ ಮುಗಿಯಿತು.

ಅವ್ವ ನನ್ನನ್ನು ಮಡಿಕೇರಿಯ ಶಾಲೆಗೆ ಕರೆದೊಯ್ದಳು. ಅಲ್ಲಿನ ಹೆಡ್‌ಮಿಸ್ಟ್ರೆಸ್ಸು ಬಿಗಿಯಾದ ಹೆಂಗಸು, ಕೆಟ್ಟವರಲ್ಲ. "ಕೈ ಕಟ್ಟಿ ನಿಲ್ಲು, ಏಳರ ಮಗ್ಗಿ ಹೇಳು" ಎಂದರು. ಕೈ ಕಟ್ಟಿದೆ. ಅಯ್ಯೋ ದೇವರೇ, ಬಾಯಿಗೆ ಮಗ್ಗಿಯೇ ಬರಲಿಲ್ಲ! ಪುಸ್ತಕ ಮುಂದೆ ಹಿಡಿದರು, ಅಕ್ಷರಗಳೆಲ್ಲ ಕಲಸಿಹೋದವು. ಹುಟ್ಟಿದಾಗಿನಿಂದ ನಾನು ಕೈ ಸುಮ್ಮನಿಟ್ಟು ಏನನ್ನಾದರೂ ಓದಿದ್ದರೆ ತಾನೆ?

"ಪಾಪ, ಏನೂ ಬರಲ್ವಲ್ಲಮ್ಮ. ಒಂದನೇ ಕ್ಲಾಸಿಂದಲೇ ಶುರು ಮಾಡಲಿ" ಎಂದರು.

ಅವ್ವನ ಮುಖ ಕಪ್ಪಿಟ್ಟಿತು. ತುಸು ಹೊತ್ತು ನನ್ನ ಕಟ್ಟಿದ ಕೈಗಳನ್ನೇ ನೋಡಿದಳು. "ಟೀಚರೇ, ತಪ್ಪು ನಂದು. ಕೆಲಸ ಮಾಡ್ತಾ ಮಾಡ್ತಾನೇ ಕಲಿಸಿದೆ. ಇವಳ ಕೈಗೆ ಒಂದು ಕೆಲಸ ಕೊಡ್ಲಾ?" ಎಂದಳು. ಅವರು ಉತ್ತರಿಸುವ ಮೊದಲೇ ನೆಲದ ಮೇಲೆ ಕುಳಿತು, ಬೆನ್ನು ನನ್ನ ಕಡೆ ಮಾಡಿ, ಮುಡಿ ಬಿಚ್ಚಿಬಿಟ್ಟಳು.

ಕೂದಲು ಕೆದರಿಕೊಂಡು ಹೊಸ್ತಿಲು ದಾಟದವಳು ನನ್ನವ್ವ. ಪರರ ಎದುರು ಹಾಗೆ ಕುಳಿತದ್ದನ್ನು ಕಂಡು ನನಗೇ ನಾಚಿಕೆಯಾಯಿತು. ಬಾಗಿಲಲ್ಲಿದ್ದ ಪ್ಯೂನ್ ಇಣುಕಿದ. ಹೆಡ್‌ಮಿಸ್ಟ್ರೆಸ್ಸು ಎದ್ದು ಹೋಗಿ ಬಾಗಿಲು ಮುಚ್ಚಿದರು.

"ಹೆಣಿ" ಎಂದಳು ಅವ್ವ.

ಹೆಣೆಯತೊಡಗಿದೆ. ಏಳರ ಮಗ್ಗಿ ಬಂತು, ಅದರ ಹಿಂದೆಯೇ ಕೇಳದಿದ್ದ ಎಂಟರದ್ದೂ ಬಂತು. ಅವ್ವ ಪುಸ್ತಕವನ್ನು ಹೆಗಲ ಮೇಲೆ ಎತ್ತಿ ಹಿಡಿದಳು, ಪುಟ ಮುಗಿಸಿದೆ. ನನ್ನ ಕಣ್ಣೀರು ಸುರಿಯುತ್ತಿತ್ತು, ಆದರೂ ಕೈ ನಿಲ್ಲಿಸಲಿಲ್ಲ.

"ಸಾಕು ಮಗಳೇ. ಐದನೇ ಕ್ಲಾಸು" ಎಂದರು ಹೆಡ್‌ಮಿಸ್ಟ್ರೆಸ್ಸು.

ಅವತ್ತೇ ನನ್ನನ್ನು ಅತ್ತೆಗೆ ಒಪ್ಪಿಸಿ ಅವ್ವ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಜನ ನಾನು ಹೆಣೆದ ಅವಳ ಸೊಟ್ಟ ಜಡೆಯನ್ನೇ ನೋಡುತ್ತಿದ್ದರು. ಮದುವೆಯಾದ ಮೇಲೆ ಅವಳು ಜಡೆ ಬಿಟ್ಟುಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

"ಅವ್ವಾ, ಮುಡಿ ಕಟ್ಟ್" ಎಂದೆ.

ಅವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದಳು. "ಇರ್ಲಿ ಕೂಸೇ. ಮನೆ ಮುಟ್ಟೊವರೆಗಾದ್ರೂ ಇರ್ಲಿ" ಎಂದು ಬಸ್ಸು ಹತ್ತಿದಳು.