ಅಂಚು ಉಜ್ಜಿದ ಕೈ

ವಾರಾಣಸಿಯ ನಮ್ಮ ಪ್ರಯೋಗಾಲಯದಲ್ಲಿ ಗಾಜು ಕರಗಿಸುವ ಫರ್ನೇಸ್ ನೋಡಿಕೊಳ್ಳುತ್ತಿದ್ದವರು ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಬೆಳೆದ ಕನ್ನಡಿಗರು. ಪ್ರತಿ ಗಾಜಿನ ಕಡ್ಡಿಯನ್ನೂ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರು ಎಳೆದು, "ಗಾಜು ಗಾಯ ಮರೆಯಲ್ಲ, ಬಿಟಿಯಾ" ಎನ್ನುತ್ತಿದ್ದರು. ಅಂಚಿನಲ್ಲಿ ಸಣ್ಣ ಗೀರಿದ್ದರೂ ಗಾಜು ಅಲ್ಲಿಂದಲೇ ಒಡೆಯುತ್ತದೆ; ಅಂಚನ್ನು ಉಜ್ಜಿ ನುಣುಪು ಮಾಡಿದಷ್ಟೂ ಹೆಚ್ಚು ಭಾರ ತಡೆಯುತ್ತದೆ.

ಕೂದಲಿಗಿಂತ ಎಷ್ಟೋ ತೆಳುವಾದ ಸೆರಾಮಿಕ್ ನಾರು ಬೆರೆಸಿದರೆ ಗಾಜು ಗಟ್ಟಿಯಾಗುತ್ತದೆಯೇ ಎಂಬುದು ನನ್ನ ಪಿಎಚ್.ಡಿ. ಪ್ರಶ್ನೆ. ನಾರು ಬೆರೆಸಿದ ಕಡ್ಡಿಗಳು ಬರೀ ಗಾಜಿನವಕ್ಕಿಂತ ಬಹಳ ಹೆಚ್ಚು ಭಾರ ತಡೆದವು. ಪ್ರಬಂಧ ಕಳಿಸಬೇಕಿದ್ದ ಬೆಳಿಗ್ಗೆ ಅವರು ನನ್ನ ಮೇಜಿನ ಪಕ್ಕ ಬಂದು ನಿಂತರು.

"ಕಳಿಸಬೇಡ. ನಾರಿನ ಕಡ್ಡಿಗಳ ಅಂಚನ್ನ ನಾನು ಜಾಸ್ತಿ ಉಜ್ಜಿದೀನಿ. ಬರೀ ಗಾಜಿನವನ್ನ ಹಾಗೇ ಬಿಟ್ಟೆ."

"ಯಾಕೆ ಮಾಮಾ?"

"ನಿನ್ನದು ಗೆಲ್ಲಲಿ ಅಂತ. ಗಲತಿ ಆಯ್ತು, ತಪ್ಪು ನಂದೇ."

ಗಟ್ಟಿತನ ನಾರಿನದೋ ಉಜ್ಜಿದ ಅಂಚಿನದೋ ಈಗ ಹೇಳುವಂತಿರಲಿಲ್ಲ. ಅವರು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಎಲ್ಲ ಕಡ್ಡಿಗಳನ್ನೂ ಹೊಸದಾಗಿ ಮಾಡಿದೆವು. ಈ ಸಲ ನಾನೊಬ್ಬಳೇ ಎಲ್ಲದರ ಅಂಚನ್ನೂ ಒಂದೇ ಸಮ ಉಜ್ಜಿದೆ. ಮುಟ್ಟಿ ಎಂದರೂ ಅವರು ಮುಟ್ಟಲಿಲ್ಲ. ಪರೀಕ್ಷೆಯ ದಿನ ಕೊನೆಯ ಕಡ್ಡಿ ಒಡೆಯುವವರೆಗೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಗೆದ್ದಿತಾ?"

"ಸ್ವಲ್ಪ, ಮಾಮಾ. ಮೊದಲಿನಷ್ಟಿಲ್ಲ."

"ಆ ಸ್ವಲ್ಪ ನಾರಿಂದೇ ತಾನೇ?"

"ನಾರಿಂದೇ."

ಆಗ ಅವರು ಕೈ ಬಿಡಿಸಿಕೊಂಡರು. ಅಷ್ಟು ಹೊತ್ತು ಬಿಗಿಹಿಡಿದಿದ್ದರಿಂದ ಬೆರಳುಗಳು ಬಿಳಿಚಿಕೊಂಡಿದ್ದವು.