ಕಾಲಿಗೆ ಸುರಿದ ಚೊಂಬು ನೀರು

ತೋಂಟದಾರ್ಯನವರ ಮೇಲೆ ಶ್ರೀರಂಗಯ್ಯನಿಗೆ ಇಂದಿಗೂ ಒಂದು ಸಿಟ್ಟಿದೆ. ಆ ಊರಿನಲ್ಲಿ ಕುಡಿಯುವ ನೀರಿಗೆ ಬರ ಎಂದು, ಹಡಗಿನಿಂದ ಇಳಿಯುವ ಮೊದಲು ಅವರು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ದಬ್ಬೇಘಟ್ಟದ ಶ್ರೀರಂಗಯ್ಯ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಯಿ ಸುಲಿಯುವ ಕೆಲಸಕ್ಕೆ ಬಿದ್ದವನು. ಕೋಪ ಮೂಗಿನ ತುದಿಯಲ್ಲೇ. ಆದರೆ ಅವನಷ್ಟು ಚುರುಕಾಗಿ ಸುಲಿಯುವವರು ಸುತ್ತಿನಲ್ಲಿ ಇರಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ತೋಂಟದಾರ್ಯನವರು ಎಪ್ಪತ್ತೇಳರ ಬೇಸಿಗೆಯಲ್ಲಿ ಲಾರಿಯ ಜೊತೆ ಅವನನ್ನೂ ಬೊಂಬಾಯಿಗೆ ಕರೆದೊಯ್ದರು. ವಾಪಸು ಬರುವಾಗ, ಸಮುದ್ರ ಕಾಣದವನು ಕಾಣಲಿ ಎಂದು ಗೋವೆಯವರೆಗೆ ಸ್ಟೀಮರಿಗೆ ಟಿಕೆಟ್ ತೆಗೆಸಿದರು. ದಾರಿಯಲ್ಲಿ ಎಂಜಿನ್ ಕೆಟ್ಟಿತು. ಹಡಗಿನವರು ಯಾವುದೋ ಸಣ್ಣ ಊರಿನ ಎದುರು ಲಂಗರು ಹಾಕಿ, ಬೇಕಾದವರು ದೋಣಿಯಲ್ಲಿ ಇಳಿದು ಊರು ನೋಡಿಬರಬಹುದು ಎಂದರು. ಎರಡು ಸಲ ಆ ಊರು ಕಂಡಿದ್ದ ತೋಂಟದಾರ್ಯನವರು ಏಳಲಿಲ್ಲ.

"ಹಡಗು ಎರಡು ಸಲ ಕೂಗ್ತದೆ ಕಣ್ಲಾ. ಎರಡನೇ ಕೂಗಿಗೆ ದೋಣೀಲಿರ್ಬೇಕು. ತಪ್ಪಿದ್ರೆ ದಬ್ಬೇಘಟ್ಟಕ್ಕೆ ಈಜ್ಕಂಡು ಬಾ," ಎಂದು ಮಗ್ಗುಲಾದರು.

ಇದ್ದದ್ದೇ ಒಂದು ಬೀದಿ. ಒಣಗಲು ಹರಡಿದ ಮೀನು, ಕಡಲ ಕಡೆಗೆ ಬಾಗಿದ ತೆಂಗು. ಮರದ ಬುಡಕ್ಕೆ ಪಾತಿಯೇ ಇಲ್ಲದ್ದು ನೋಡಿ ಶ್ರೀರಂಗಯ್ಯ ತನ್ನಷ್ಟಕ್ಕೆ ಬೈದುಕೊಂಡ. ಕೊನೆಯ ಮನೆಯ ಜಗಲಿಯಲ್ಲಿ ಮುದುಕಿಯೊಬ್ಬಳು ಕತ್ತಿ ಹಿಡಿದು ಒಂದು ಕಾಯಿಯ ಜೊತೆ ಹೆಣಗುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಅವಳ ಮಾತು ಇವನಿಗೆ ಬಾರದು, ಇವನದು ಅವಳಿಗೆ ಬಾರದು. ಕತ್ತಿ ಇಸಿದುಕೊಂಡು ರಾಶಿಯನ್ನೆಲ್ಲ ಸುಲಿದು ಹಾಕಿದ.

ಮುದುಕಿ ಒಂದು ಚೊಂಬು ನೀರು ತಂದಿಟ್ಟಳು. ನಮ್ಮ ಕಡೆ ಬಂದವರಿಗೆ ಮೊದಲು ಕೊಡುವುದು ಕಾಲಿಗೆ ನೀರು, ಕುಡಿಯಲು ಆಮೇಲೆ. ಶ್ರೀರಂಗಯ್ಯ ಅಷ್ಟನ್ನೂ ಸುರಿದುಕೊಂಡು, ಹಿಮ್ಮಡಿ ಉಜ್ಜಿ ತೊಳೆದು, ಕುಡಿಯಲು ಕೊಡು ಎಂದು ಕೈ ನೀಡಿದ. ಮುದುಕಿ ಒದ್ದೆ ಮಣ್ಣನ್ನೇ ನೋಡಿದಳು. ಒಳಗೆ ಕೊಡ ಬಗ್ಗಿಸಿದ ಸದ್ದಾಯಿತು. ಬಂದದ್ದು ಅರ್ಧ ಲೋಟ. ಬಾಯಾರಿದವನಿಗೆ ಇಷ್ಟೇನಾ ಎಂದು ಅವನು ಮುಖ ಗಂಟು ಹಾಕಿಕೊಂಡೇ ಕುಡಿದ. ಅವಳು ಖಾಲಿ ಕೊಡ ಸೊಂಟಕ್ಕಿಟ್ಟು ಹೊರಟಳು.

ಹಿತ್ತಲಲ್ಲಿ ಬಾವಿ ಕಂಡಿತು. ತಾನೇ ಸೇದಿ ಬಾಯಿಗಿಟ್ಟ. ಬರೀ ಉಪ್ಪು. ಉಗಿದು ತಲೆಯೆತ್ತಿದರೆ, ಎದುರಿನ ಗುಡ್ಡದ ಬಿಸಿಲಲ್ಲಿ ಕೊಡ ಹೊತ್ತ ಹೆಂಗಸರ ಸಾಲು. ಮುದುಕಿ ಎಲ್ಲರಿಗಿಂತ ಹಿಂದೆ, ಮೊಣಕಾಲಿಗೆ ಕೈ ಕೊಟ್ಟು ಹತ್ತುತ್ತಿದ್ದಳು.

ಓಡಿದ. ಆ ಕೊಡವನ್ನು ತಾನು ತುಂಬಿ ತಂದಿಡಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಹಡಗಿನ ಮೊದಲ ಕೂಗು ಕೇಳಿತು. "ಅಮ್ಮಾ" ಎಂದ. ಅವಳಿಗೆ ಕೇಳಿಸಲಿಲ್ಲ. ಎರಡನೆಯದಕ್ಕೆ ದೋಣಿಯಲ್ಲಿರಬೇಕಲ್ಲ ಎಂದು ಇಳಿದುಬಿಟ್ಟ.

"ನಿಮಗೆ ಗೊತ್ತಿತ್ತಲ್ಲ ಯಜಮಾನ್ರೇ, ಒಂದ್ ಮಾತು ಹೇಳಕ್ಕೇನಾಗಿತ್ತು?" ಎಂದು, ನಡೆದದ್ದನ್ನೆಲ್ಲ ಹೇಳಿ, ಹಡಗಿನಲ್ಲಿ ಕೇಳಿದ.

"ನೀನು ಹೋಗಿ ಕಾಲು ತೊಳ್ಕತೀಯ ಅಂತ ನಂಗೇನು ಕನಸು ಬಿದ್ದಿತ್ತಾ? ಬುಡು, ಒಂದು ಚೊಂಬು ನೀರು ಕಣಪ್ಪ."

ಆ ಮಾತಿಗೇ ಶ್ರೀರಂಗಯ್ಯ ಮಂಡಿಯ ಕೆಲಸ ಬಿಟ್ಟ.

ಮರುವರ್ಷ ಅಟ್ಟದಿಂದ ಇಳಿಸಿದ ಕಾಯಲ್ಲಿ ಒಳ್ಳೆಯ ಉಂಡೆ ಕೊಬ್ಬರಿ ಆರಿಸಿ, ಚೀಲ ಹೊಲಿದು, ತುರುವೇಕೆರೆಯ ಅಂಚೆ ಕಚೇರಿಗೆ ಹೊತ್ತುಕೊಂಡು ಹೋದ. ವಿಳಾಸ ಕೇಳಿದರು. ಊರಿನ ಹೆಸರನ್ನು ಅವನು ಯಾರನ್ನೂ ಕೇಳಿರಲಿಲ್ಲ. ಮುದುಕಿಯ ಹೆಸರನ್ನೂ. ಊರು ಗೊತ್ತಿದ್ದ ತೋಂಟದಾರ್ಯನವರ ಬಾಗಿಲಿಗೆ ಹೋಗಲು ಸಿಟ್ಟು ಬಿಡಲಿಲ್ಲ. ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ದಬ್ಬೇಘಟ್ಟದ ಬಸ್ಸು ಹತ್ತಿದ.