ಲಿಲ್ಲಿಯ ಮೇಲ್ ಮತ್ತು ಸಿಸ್ಟರ್ ಎಳೆದ ಕೆಂಪು ಗೆರೆ

ಹೋದ ತಿಂಗಳು ನನ್ನ ಅತ್ಯಂತ ಹಳೆಯ ಗೆಳತಿ ನನಗೊಂದು ನೋಟೀಸು ಕಳಿಸಿದಳು.

ನೋಟೀಸಲ್ಲದೆ ಇನ್ನೇನು, ನೀವೇ ಹೇಳಿ. "ಐ ಶಲ್ ಬಿ ರಿಲೊಕೇಟಿಂಗ್ ಟು ಮ್ಯಾಂಗಲೋರ್ ಆನ್ ಎ ಪರ್ಮನೆಂಟ್ ಬೇಸಿಸ್. ಯುವರ್ ವಿಸಿಟ್ ಪ್ರಯರ್ ಟು ಮೈ ಡಿಪಾರ್ಚರ್ ವುಡ್ ಬಿ ಅಪ್ರಿಶಿಯೇಟೆಡ್, ಇಫ್ ಕನ್ವೀನಿಯೆಂಟ್." ಅಂದರೆ, ಕಾಯಂ ಆಗಿ ಮಂಗಳೂರಿಗೆ ಸ್ಥಳಾಂತರಗೊಳ್ಳುತ್ತಿದ್ದೇನೆ, ನಿರ್ಗಮನಕ್ಕೆ ಮುನ್ನ ತಮ್ಮ ಭೇಟಿ ಸ್ವಾಗತಾರ್ಹ, ಅನುಕೂಲವಿದ್ದಲ್ಲಿ. ಕೆಳಗೊಂದು ರೌಂಡ್ ಸೀಲ್ ಒತ್ತಿದ್ದರೆ ಯಾವ ಸಚಿವಾಲಯದ ಸರ್ಕ್ಯುಲರಿಗೂ ಕಮ್ಮಿಯಿರಲಿಲ್ಲ.

ಬರೆದವಳು ಲಿಲ್ಲಿ. ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದವಳು. ಇಬ್ಬರೂ ಗಂಡಂದಿರ ಸೆಂಟ್ರಲ್ ಗವರ್ನಮೆಂಟ್ ನೌಕರಿಯ ಬೆನ್ನು ಹತ್ತಿ ದೆಹಲಿಗೆ ಬಂದೆವು. ಇಬ್ಬರ ಗಂಡಂದಿರೂ ಈಗಿಲ್ಲ. ಅವಳು ಗುರ್ಗಾಂವ್‌ನಲ್ಲಿ ಮಗಳ ಮನೆಯಲ್ಲಿ, ನಾನು ಲಕ್ಷ್ಮೀ ನಗರದಲ್ಲಿ ಮಗನ ಮನೆಯಲ್ಲಿ. ನಡುವೆ ಯಮುನೆ, ಟ್ರಾಫಿಕ್, ಮತ್ತು ನಾಲ್ಕು ಮಂಡಿಗಳು (ಎರಡು ಅವಳವು, ಎರಡು ನನ್ನವು). ಫೋನ್ ಮಾಡೋಣವೆಂದರೆ ಲಿಲ್ಲಿಗೆ ಕಿವಿ ಮಂದ. ಹಾಗಾಗಿ ಇಮೇಲ್. ಅವಳಿಗೆ ಮಗಳು ಸಾಂಡ್ರಾ ಟೈಪ್ ಮಾಡಿಕೊಡುತ್ತಾಳೆ, ನನಗೆ ಮೊಮ್ಮಗಳು ಮೇಘಾ.

ಮೇಲ್ ಓದಿ ಮೇಘಾ ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಯೇ ಕ್ಯಾ ಹೈ? ಇವರು ನಿನ್ನ ಫ್ರೆಂಡಾ, ಎಚ್‌ಆರ್ ಮ್ಯಾನೇಜರಾ?"

ನಗಲಿಲ್ಲ ನಾನು. ದೆಹಲಿಯ ಚಳಿ ಮಂಡಿಗೆ ಆಗುವುದಿಲ್ಲ, ತಂಗಿಯ ಮನೆಗೆ ಹೋಗುತ್ತೇನೆ ಎಂದು ಲಿಲ್ಲಿ ಪ್ರತಿ ಚಳಿಗಾಲವೂ ಹೇಳುತ್ತಿದ್ದಳು. ನಾವು ಪ್ರತಿ ಚಳಿಗಾಲವೂ ನಕ್ಕು ಸುಮ್ಮನಾಗುತ್ತಿದ್ದೆವು. ಈ ಸಲ ಟಿಕೆಟ್ಟೇ ಆಗಿತ್ತು. ಆದರೆ ನಾನು ಬರೆಸಿದ್ದೇನು? "ಐ ಶಲ್ ಮೇಕ್ ಎವ್ರಿ ಎಂಡೆವರ್ ಟು ವಿಸಿಟ್." ಸರ್ವ ಪ್ರಯತ್ನ ಮಾಡಲಾಗುವುದು.

"ಡ್ರಾಪ್ ಇನ್ ಮಾಡ್ತೀನಿ ಅಂತ ಹಾಕಲಾ?" ಎಂದಳು ಮೇಘಾ.

"ಛೀ, ಬರವಣಿಗೆಯಲ್ಲಿ ಯಾರಾದ್ರೂ ಡ್ರಾಪ್ ಇನ್ ಅಂತಾರೇನೇ?"

ಇದು ನನ್ನ ಮಾತಲ್ಲ, ಸಿಸ್ಟರ್ ಬೆನೆಡಿಕ್ಟಾ ಮಾತು. ನಮ್ಮ ಬೋರ್ಡಿಂಗಿನಲ್ಲಿ ಭಾನುವಾರ ಮನೆಗೆ ಪತ್ರ ಬರೆಯುವ ದಿನ. ಇಂಗ್ಲಿಷಿನಲ್ಲೇ ಬರೆಯಬೇಕು, ಲಕೋಟೆ ಅಂಟಿಸದೆ ಸಿಸ್ಟರ್ ಕೈಗೆ ಕೊಡಬೇಕು. ಪುಟ್ ಆಫ್, ಗಿವ್ ಅಪ್, ಲುಕ್ ಆಫ್ಟರ್ ಕಂಡರೆ ಸಾಕು, ಕೆಂಪು ಗೆರೆ. ಪೋಸ್ಟ್‌ಪೋನ್ ಎಂದು ಬರಿ, ಅಬ್ಯಾಂಡನ್ ಎಂದು ಬರಿ. "ಗರ್ಲ್ಸ್, ಕ್ರಿಯಾಪದ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಊರುಗೋಲು ಹಿಡಿದು ಬರಬಾರದು." ಹೀಗೆ ಅಪ್, ಆಫ್ ಎಂದು ಬಾಲ ಹಚ್ಚಿಕೊಂಡ ಕ್ರಿಯಾಪದ, ಅಂದರೆ ಫ್ರೇಸಲ್ ವರ್ಬ್, ಅವರಿಗೆ ಅಡುಗೆಮನೆಯ ಭಾಷೆ, ಡ್ರಾಯಿಂಗ್ ರೂಮಿಗೆ ಬರಕೂಡದು. ತಮಾಷೆ ಏನು ಗೊತ್ತೇ? ಬೆಳಗಿನಿಂದ ಸಂಜೆವರೆಗೆ ಅವರ ಬಾಯಲ್ಲಿ ಬರುತ್ತಿದ್ದುದೇ ಗೆಟ್ ಅಪ್, ಹರಿ ಅಪ್, ಲೈನ್ ಅಪ್. ಬಾಯಿಗೊಂದು ಇಂಗ್ಲಿಷ್, ಕಾಗದಕ್ಕೊಂದು ಇಂಗ್ಲಿಷ್.

ಆಮೇಲೆ ಮದುವೆಯಾದವರೂ ಅದೇ ಜಾತಿ. ನಮ್ಮ ಯಜಮಾನರ ಡ್ರಾಫ್ಟಿನಲ್ಲಿ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ, 'ಕಮೆನ್ಸ್' ಆಗುತ್ತಿತ್ತು. ಸರ್ಕಾರಿ ಫೈಲಿನೊಳಗೆ ಸಲೀಸಾಗಿ ಓಡಾಡುತ್ತಿದ್ದ ಫ್ರೇಸಲ್ ವರ್ಬ್ ಒಂದೇ: ಪುಟ್ ಅಪ್. ಫೈಲ್ ಪುಟ್ ಅಪ್ ಮಾಡಿ, ಅಂದರೆ ಸಾಹೇಬರ ಮುಂದಿಡಿ. (ಸಿಸ್ಟರ್ ಕೇಳಿದ್ದರೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು.)

ಈಗ ಕಾಲ ತಿರುಗಿದೆ. ನಮ್ಮ ಫ್ಲ್ಯಾಟಿನ ಕೆಳಗೇ ಒಂದು ಸ್ಪೋಕನ್ ಇಂಗ್ಲಿಷ್ ಕೋಚಿಂಗ್ ಇದೆ. ಬಿಹಾರದಿಂದ, ಬುಂದೇಲಖಂಡದಿಂದ ಬಂದ ಮಕ್ಕಳು ಸಂಜೆ ಮಗ್ಗಿ ಹೇಳುವ ಹಾಗೆ ಕೋರಸ್ಸಿನಲ್ಲಿ ಹೇಳುತ್ತಾರೆ: ಗಿವ್ ಅಪ್, ಗಿವ್ ಇನ್, ಗಿವ್ ಅವೇ. ನಮಗೆ ಏಟು ಕೊಟ್ಟು ಬಿಡಿಸಿದ್ದನ್ನು ಇವರಿಗೆ ಫೀಸು ತೆಗೆದುಕೊಂಡು ಕಲಿಸುತ್ತಾರೆ! ಬಾಲ್ಕನಿಯಲ್ಲಿ ನಿಂತು ಕೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಸಿಟ್ಟಲ್ಲ, ಹೊಟ್ಟೆಕಿಚ್ಚು.

ಇರಲಿ, ಲಿಲ್ಲಿಯ ವಿಷಯಕ್ಕೆ ಬರುತ್ತೇನೆ. 'ಇಫ್ ಕನ್ವೀನಿಯೆಂಟ್' ಎಂದಿದ್ದಳಲ್ಲ? ಅನುಕೂಲವಾಗಲೇ ಇಲ್ಲ. ಒಂದು ದಿನ ಮಗನಿಗೆ ಮೀಟಿಂಗ್, ಇನ್ನೊಂದು ದಿನ ಮಂಜು, ಮತ್ತೊಂದು ದಿನ ಮೇಘಾಳ ಪರೀಕ್ಷೆ. ಅವಳೇನು ಅಷ್ಟೊಂದು ಒತ್ತಾಯ ಮಾಡಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ.

ಒಂದು ಸಂಜೆ ಸಾಂಡ್ರಾ ಫೋನ್. "ಆಂಟಿ, ನಾಳೆ ಬೆಳಿಗ್ಗೆ ನಿಜಾಮುದ್ದೀನಿಂದ ಮಮ್ಮಿ ಟ್ರೇನು. ನೀವು ಬರಲೇ ಇಲ್ಲವಲ್ಲ? ದಿನಾ ಸೀರೆ ಉಟ್ಟು ಬಾಲ್ಕನಿಯಲ್ಲಿ ಕೂತಿರ್ತಾಳೆ. ಒಳಗೆ ಬಾ, ಚಳಿ ಅಂದ್ರೆ, ಸುಮಿ ಬರ್ತಾಳೆ ಇರು ಅಂತಾಳೆ."

ಫೋನ್ ಇಟ್ಟವಳಿಗೆ ನೆನಪಾದದ್ದು ಬೋರ್ಡಿಂಗಿನ ಮೊದಲ ಭಾನುವಾರ. ಅತ್ತು ಅತ್ತು ಕಣ್ಣು ಬಾತಿದ್ದ ಲಿಲ್ಲಿ ಪಪ್ಪನಿಗೆ ಬರೆದಿದ್ದಳು: ಟೇಕ್ ಮಿ ಅವೇ. ಸಿಸ್ಟರ್ ನ್ಯಾಯವಂತರು, ವಿಷಯ ಮುಟ್ಟಲಿಲ್ಲ, ಭಾಷೆ ಮಾತ್ರ ತಿದ್ದಿದರು. "ಐ ರಿಕ್ವೆಸ್ಟ್ ಯು ಟು ರಿಮೂವ್ ಮಿ ಫ್ರಮ್ ದಿಸ್ ಇನ್ಸ್ಟಿಟ್ಯೂಷನ್." ಪಪ್ಪ ಓದಿದರು. ಒಂದೇ ವಾರದಲ್ಲಿ ಮಗಳ ಇಂಗ್ಲಿಷ್ ಎಷ್ಟು ಸುಧಾರಿಸಿದೆ ಎಂದು ಹಿಗ್ಗಿದರು. ಅವಳನ್ನು ಅಲ್ಲೇ ಬಿಟ್ಟರು.

ಕಾಗದದ ಮೇಲೆ ಲಿಲ್ಲಿ ಅಳುವುದೇ ಹಾಗೆ. ಪಕ್ಕದ ಮಂಚದಲ್ಲಿ ಮಲಗಿದ್ದ ನನಗೂ ಅದು ಮರೆತುಹೋಗಿತ್ತಲ್ಲ?

ಬೆಳಿಗ್ಗೆ ಮೇಘಾಳ ಕೈ ಹಿಡಿದು ನಿಜಾಮುದ್ದೀನ್ ಸ್ಟೇಷನ್ನಿಗೆ ಓಡಿದೆ (ನನ್ನ ವಯಸ್ಸಿನಲ್ಲಿ ಎಷ್ಟು ಓಡಲು ಸಾಧ್ಯವೋ ಅಷ್ಟು). "ಕೋಹ್ರಾ ಹೈ ಮಾತಾಜಿ, ಗಾಡಿ ಲೇಟ್," ಎಂದ ಕೂಲಿ. ದೆಹಲಿಯ ಮಂಜಿಗೆ ಜೀವನದಲ್ಲಿ ಮೊದಲ ಸಲ ಕೈ ಮುಗಿದೆ.

ಬೆಂಚಿನ ಮೇಲೆ ಲಿಲ್ಲಿ. ಶಾಲಿನ ಮೇಲೆ ಶಾಲು, ಕೈಯಲ್ಲಿ ಊರುಗೋಲು, ಪಕ್ಕದಲ್ಲಿ ಸಾಂಡ್ರಾ.

"ಅಯ್ಯೋ, ಬಂದುಬಿಟ್ಯೇನೇ ಸುಮಿ!"

"ಕರೆದಿದ್ರೆ ಯಾವತ್ತೋ ಬರ್ತಿದ್ದೆ. ನೀನು ಕರೆದಿದ್ದಾದ್ರೂ ಎಲ್ಲಿ?"

"ಮೇಲ್ ಮಾಡಿದೆನಲ್ಲ!"

"ಅದು ಕರೆಯೋ ರೀತೀನಾ? ಇಫ್ ಕನ್ವೀನಿಯೆಂಟ್ ಅಂತೆ!" ಕಿವಿ ಮಂದದವಳಿಗೆ ಕೇಳಬೇಕಲ್ಲ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಕಿರುಚಿದೆ.

"ನೀನೇನು ಕಮ್ಮಿ? ಎಂಡೆವರ್ ಅಂತೆ! ಆವತ್ತೇ ಅಂದ್ಕೊಂಡೆ, ಇವಳು ಬರೋದಿಲ್ಲ ಅಂತ."

"ಮಾತಾಜಿ, ಲಡಾಯಿ ಮತ್ ಕರೋ," ಎಂದ ಕೂಲಿ. ಮೇಘಾ, ಸಾಂಡ್ರಾ ಇಬ್ಬರೂ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಲಿಲ್ಲಿ ನನ್ನ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. "ಬೇರೆ ಥರ ಬರೆಯೋಕೆ ಹೋದೆ ಕಣೇ. ಸಿಸ್ಟರ್ ಹಿಂದೆ ನಿಂತಿದ್ದಾರೆ ಅನ್ನಿಸ್ತು."

ಸಿಸ್ಟರ್ ತೀರಿಕೊಂಡು ಎಷ್ಟು ಕಾಲವಾಯಿತೋ! ಇಬ್ಬರು ಮುದುಕಿಯರು ಇನ್ನೂ ಅವರಿಗೆ ಹೆದರಿ ಒಬ್ಬರಿಗೊಬ್ಬರು ನೋಟೀಸು ಬರೆಯುತ್ತಿದ್ದೇವೆ. ನಮ್ಮ ಪತ್ರಗಳಿಗೆ ಈಗ ಲಕೋಟೆಯೇ ಇಲ್ಲ, ಆದರೂ ಅವು ಸಿಸ್ಟರ್ ಕೈ ದಾಟಿಯೇ ಹೋಗುತ್ತಿವೆ.

ನಿಮಗೆ ಹಾಗನ್ನಿಸಿಲ್ಲವೇ? ಮನಸ್ಸಿಗೆ ನಾಟುವುದೆಲ್ಲ ಇಂಗ್ಲಿಷಿನಲ್ಲಿ ಈ ಅಡುಗೆಮನೆಯ ಮಾತುಗಳಲ್ಲೇ ಇದೆ. ಹೋಲ್ಡ್ ಆನ್. ಗೋ ಅವೇ. ಗ್ರೋ ಅಪ್. ಕನ್ನಡದಲ್ಲೂ ಅಷ್ಟೇ. 'ಆಗಮಿಸಿ' ಎನ್ನುವುದು ಮದುವೆಯ ಕಾರ್ಡಿನಲ್ಲಿ ಮಾತ್ರ. ಅಮ್ಮ ಬಾಗಿಲಲ್ಲಿ ನಿಂತು ಮಗುವಿಗೆ ಹೇಳುವುದು, ಬಂದುಬಿಡು.

ಗಾಡಿ ಬಂತು. ಎ.ಸಿ. ಕೋಚು. ಸಾಂಡ್ರಾ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದಳು, ಊರಿನವರೆಗೆ ಅವಳೂ ಜೊತೆಗೆ. ಗಾಡಿ ಅಲುಗಿದಾಗ ನಾನು ಏನೋ ಕೂಗಿದೆ. ತೆರೆಯಲಾಗದ ದಪ್ಪ ಗಾಜು. ಲಿಲ್ಲಿ ಕಿವಿಗೆ ಕೈ ಹಿಡಿದು 'ಏನು?' ಎಂದು ಕೇಳುತ್ತಲೇ ಮಂಜಿನೊಳಗೆ ಹೋದಳು.

ಮೊನ್ನೆ ಮಂಗಳೂರಿನಿಂದ ಮೇಲ್ ಬಂತು. "ಐ ಹ್ಯಾವ್ ಅರೈವ್ಡ್ ಸೇಫ್ಲಿ. ದ ಕ್ಲೈಮೇಟ್ ಈಸ್ ಅಗ್ರೀಯೆಬಲ್." ಸುಖವಾಗಿ ತಲುಪಿದ್ದೇನೆ, ಹವೆ ಹಿತಕರವಾಗಿದೆ. ಅವಳು ಎಷ್ಟು ಅತ್ತಿದ್ದಾಳೆಂದು ಈ ಸಲ ನನಗೆ ತಿಳಿಯಿತು.

ಮೇಘಾ ಕೀಬೋರ್ಡಿನ ಮುಂದೆ ಕೂತಳು. "ಬೋಲೋ ಅಜ್ಜಿ. ಯುವರ್ ಮೇಲ್ ಈಸ್ ಅಕ್ನಾಲೆಜ್ಡ್?"

ಕೆಳಗೆ ಮಕ್ಕಳ ಕೋರಸ್ ಶುರುವಾಗಿತ್ತು. ಸ್ಟೇಷನ್ನಿನಲ್ಲಿ ಗಾಜಿನ ಈಚೆಯೇ ಉಳಿದಿದ್ದನ್ನು ಬರೆಸಿದೆ. "ಕಮ್ ಬ್ಯಾಕ್."

"ಬಸ್? ಇಷ್ಟೇನಾ?"

"ಇಷ್ಟೇ. ಕಳಿಸು."

ಸಿಸ್ಟರ್, ಈಗ ಎಳೆಯಿರಿ ನೋಡೋಣ ನಿಮ್ಮ ಕೆಂಪು ಗೆರೆ!